ಕೊನೆಯ ಎರಡು ನಿಮಿಷದ ಲಿಲಾವು

ಪ್ರಶ್ನೆ: ನಾನು ಗದಗ-ಬೆಟಗೇರಿಯವನು. 2003ರಿಂದ 2008ರವರೆಗೆ ಹುಬ್ಬಳ್ಳಿಯಲ್ಲಿ ನೌಕರಿಗೆ ಇದ್ದಾಗ ಕೊಪ್ಪೀಕರ್ ರಸ್ತೆಯ ಒಂದು ಸೈಬರ್ ಕೆಫೆಯಲ್ಲಿ ಕೂತು ಈಬೇ ಇಂಡಿಯಾದಲ್ಲಿ ಅಂಚೆಚೀಟಿ, ಗ್ರಾಮಫೋನ್ ಪ್ಲೇಟು, ಹಳೆಯ ವಾಚು ಮಾರುತ್ತಿದ್ದೆ. ಒಂದು ರೂಪಾಯಿಗೆ ಲಿಲಾವು ಶುರು ಮಾಡಿ, ಕೊನೆಯ ಎರಡು ನಿಮಿಷದಲ್ಲಿ ರೇಟು ಏರುವುದನ್ನು ನೋಡುವ ಮಜಾ ಈಗ ಎಲ್ಲೂ ಸಿಗುತ್ತಿಲ್ಲ. ಹಾಗೆಂದು ಎಲ್ಲಾ ಚಂದವೇ ಇತ್ತು ಅಂತಲ್ಲ. ಒಳ್ಳೆಯ ಪ್ಲೇಟೊಂದು ಬರೀ 35 ರೂಪಾಯಿಗೆ ಹೋಗಿದ್ದು ಇನ್ನೂ ಹೊಟ್ಟೆ ಉರಿಸುತ್ತದೆ. ಆ ಪದ್ಧತಿ ಯಾಕೆ ಮರೆಯಾಯಿತು? ಈಗ ಅಟ್ಟದಿಂದ ಇಳಿಸಿದ ಪೆಟ್ಟಿಗೆಯಲ್ಲಿ 40 ಪ್ಲೇಟು ಇವೆ: 29 ಹಿಂದಿ ಸಿನಿಮಾದವು, 6 ಕನ್ನಡ ನಾಟಕ ಮತ್ತು ಭಕ್ತಿಗೀತೆಯವು, 3 ಮಲ್ಲಿಕಾರ್ಜುನ ಮನಸೂರರವು, 2ರ ಮೇಲೆ ‘ಗಾಂಧಾರಿ’ ಎಂಬ ಹೆಸರಿದೆ. ಜೊತೆಗೆ ಎರಡು ಎಚ್‌ಎಂಟಿ ಜನತಾ ವಾಚು, ಒಂದು ಡಬ್ಬಿ ಹಳೆಯ ನಾಣ್ಯ. ಇವನ್ನು ಮತ್ತೆ ಲಿಲಾವಿಗೆ ಹಾಕಬಹುದೇ?

ಉತ್ತರ: ಹಾಕಬಹುದು, ಆದರೆ ಎಲ್ಲವನ್ನೂ ಅಲ್ಲ. ಯಾವುದನ್ನು ಹಾಕಬೇಕು, ಯಾವುದನ್ನು ಹಾಕಬಾರದು ಎನ್ನುವುದು ತಿಳಿಯಬೇಕಾದರೆ ನಿಮ್ಮ ಮೊದಲ ಪ್ರಶ್ನೆಯಿಂದಲೇ ಹಿಡಿಯಬೇಕು.

ನೆನಪಿನ ಒಂದು ತಾರೀಖನ್ನು ಮೊದಲು ಸರಿ ಮಾಡಿಕೊಳ್ಳೋಣ. 2003ರಲ್ಲಿ ನೀವು ಮಾರುತ್ತಿದ್ದದ್ದು ಈಬೇಯಲ್ಲಿ ಅಲ್ಲ, ಬಾಜೀ ಡಾಟ್ ಕಾಮ್‌ನಲ್ಲಿ. ಅವನೀಶ್ ಬಜಾಜ್ ಮತ್ತು ಸುವೀರ್ ಸುಜನ್ 2000ದಲ್ಲಿ ಮುಂಬೈಯಲ್ಲಿ ಶುರು ಮಾಡಿದ ಕಂಪನಿ ಅದು. 2004ರಲ್ಲಿ ಅಮೆರಿಕದ ಈಬೇ ಅದನ್ನು ಸುಮಾರು 5 ಕೋಟಿ ಡಾಲರಿಗೆ ಕೊಂಡಿತು, ಮರುವರ್ಷ ಬೋರ್ಡು ಬದಲಾಗಿ ಈಬೇ ಇಂಡಿಯಾ ಆಯಿತು. 2017ರಲ್ಲಿ ಅದು ಫ್ಲಿಪ್‌ಕಾರ್ಟ್ ಕೈಗೆ ಹೋಗಿ, 2018ರ ಆಗಸ್ಟ್ 14ಕ್ಕೆ ಬಾಗಿಲು ಮುಚ್ಚಿತು.

ಇದನ್ನು ಹೇಳಿದ್ದು ತಪ್ಪು ಹಿಡಿಯುವುದಕ್ಕಲ್ಲ. ನಿಮ್ಮ ಐದು ವರ್ಷದ ನೆನಪಿನಲ್ಲಿ ಎರಡು ಬೇರೆ ಬೇರೆ ಕಾಲಗಳು ಕೂಡಿಕೊಂಡಿವೆ. ಮೊದಲನೆಯದು ಡಿಡಿ ಮತ್ತು ಮನಿ ಆರ್ಡರಿನ ಕಾಲ. ಗೆದ್ದವನು ಹುಬ್ಬಳ್ಳಿಯಲ್ಲಿ ನಗದಾಗುವ ಡಿಡಿ ತೆಗೆಸಿ ಅಂಚೆಗೆ ಹಾಕುತ್ತಿದ್ದ, ಇಲ್ಲವೇ ನೂರಕ್ಕೆ 5 ರೂಪಾಯಿ ಕಮಿಷನ್ ಕೊಟ್ಟು ಮನಿ ಆರ್ಡರ್ ಮಾಡುತ್ತಿದ್ದ. ಪರಊರಿನ ಚೆಕ್ಕು ಕೊಟ್ಟರೆ ವಸೂಲಾಗಲು ಎರಡು ಮೂರು ವಾರ. ಮಾಲು ಮೊದಲೋ ದುಡ್ಡು ಮೊದಲೋ ಎಂಬ ಜಗ್ಗಾಟದಲ್ಲಿ ಯಾರೋ ಒಬ್ಬರು ಇನ್ನೊಬ್ಬರನ್ನು ನಂಬಲೇಬೇಕಿತ್ತು. ವಿ.ಪಿ.ಯಲ್ಲಿ (ಅಂಚೆಯವನಿಗೆ ದುಡ್ಡು ಕೊಟ್ಟು ಪಾರ್ಸಲ್ ಬಿಡಿಸಿಕೊಳ್ಳುವ ಪದ್ಧತಿ) ಕಳಿಸಿದರೆ ಕೊಳ್ಳುವವನು ಬಿಡಿಸಿಕೊಳ್ಳದೆ ವಾಪಸು ಮಾಡಿ, ಕಳಿಸಿದ ಖರ್ಚು ಮಾರುವವನ ತಲೆಗೆ ಬರುತ್ತಿತ್ತು. ಎರಡನೆಯದು ಪೈಸಾಪೇ ಎಂಬ, ತಾಣದ್ದೇ ಪಾವತಿ ವ್ಯವಸ್ಥೆಯ ಕಾಲ: ಕೊಳ್ಳುವವನ ದುಡ್ಡು ನಡುವೆ ನಿಂತಿರುತ್ತಿತ್ತು, ಮಾಲು ತಲುಪಿದ ಮೇಲೆ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತಿತ್ತು. ನೀವು ನೆನೆಯುತ್ತಿರುವ ನಿಶ್ಚಿಂತೆ ಎರಡನೆಯ ಕಾಲದ್ದು. ಎದೆ ಡವಗುಟ್ಟುತ್ತಿದ್ದದ್ದು ಹೆಚ್ಚಾಗಿ ಮೊದಲನೆಯ ಕಾಲದ್ದು.

ಈಗ ಲಿಲಾವಿನ ವಿಷಯ. ನಮ್ಮ ಕಡೆ ಯಾರಿಗೂ ಇದು ಹೊಸದಲ್ಲ. ಊರ ಜಾತ್ರೆಯಲ್ಲಿ ದೇವರ ಕಾಯಿಗೆ ಸವಾಲು ಕೂಗುತ್ತಾರೆ: ಒಂದನೇ ಸಲ, ಎರಡನೇ ಸಲ, ಮೂರನೇ ಸಲ. ಮೂರನೆಯದು ಬೀಳುವ ಮುಂಚೆ ಯಾರಾದರೂ ಏರಿಸಿದರೆ ಎಣಿಕೆ ಮತ್ತೆ ಒಂದರಿಂದ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ನಡೆಯುವ ಇ-ಟೆಂಡರ್ ಬೇರೆಯದೇ ಜಾತಿ. ಖರೀದಿದಾರ ಲಾಟು ನೋಡಿ, ಮುರಿದು, ಮೂಸಿ, ತನ್ನ ರೇಟನ್ನು ಗುಟ್ಟಾಗಿ ಕಂಪ್ಯೂಟರಿಗೆ ಹಾಕುತ್ತಾನೆ. ಹೊತ್ತು ಮುಗಿದ ಮೇಲೆ ಎಲ್ಲಕ್ಕಿಂತ ಹೆಚ್ಚು ಹಾಕಿದವನಿಗೆ ಅವನು ಹಾಕಿದ ರೇಟಿಗೇ ಮಾಲು. ಅಲ್ಲಿ ಒಬ್ಬನ ರೇಟು ಇನ್ನೊಬ್ಬನಿಗೆ ಕಾಣುವುದಿಲ್ಲ, ಆದ್ದರಿಂದ ಜಿದ್ದಿಗೆ ಬೀಳುವ ಅವಕಾಶವೂ ಇಲ್ಲ.

ಈಬೇಯದು ಈ ಎರಡರ ನಡುವಿನ ಮೂರನೆಯ ಬಗೆ. ನೀವು ಕೊಡಬಲ್ಲ ಗರಿಷ್ಠ ಮೊತ್ತವನ್ನು ಗುಟ್ಟಾಗಿ ಬರೆದಿಡುತ್ತೀರಿ. ಯಂತ್ರ ನಿಮ್ಮ ಪರವಾಗಿ, ಎದುರಾಳಿಯನ್ನು ಮೀರಿಸಲು ಎಷ್ಟು ಬೇಕೋ ಅಷ್ಟನ್ನೇ ಏರಿಸುತ್ತದೆ. ಉದಾಹರಣೆಗೆ ಒಂದು ಪ್ಲೇಟಿಗೆ ಮೂವರು ಬಿದ್ದಿದ್ದಾರೆ. ಒಬ್ಬ 850, ಇನ್ನೊಬ್ಬ 600, ಮತ್ತೊಬ್ಬ 400 ಬರೆದಿದ್ದಾನೆ. ಏರಿಕೆಯ ಮೆಟ್ಟಿಲು 10 ರೂಪಾಯಿ ಎಂದಿಟ್ಟುಕೊಳ್ಳಿ. ಪ್ಲೇಟು 610ಕ್ಕೆ ಮುಗಿಯುತ್ತದೆ, 850ಕ್ಕೆ ಅಲ್ಲ. ಅಂದರೆ ಬೆಲೆ ನಿಶ್ಚಯಿಸುವವನು ಗೆದ್ದವನಲ್ಲ, ಎರಡನೆಯವನು. 600ರವನು ಆ ದಿನ ಮದುವೆಗೆ ಹೋಗಿದ್ದರೆ ಅದೇ ಪ್ಲೇಟು 410ಕ್ಕೆ ಹೋಗುತ್ತಿತ್ತು. 400ರವನಿಗೂ ಸುದ್ದಿ ಮುಟ್ಟದಿದ್ದರೆ? ನೀವು ಇಟ್ಟ ಒಂದು ರೂಪಾಯಿಗೇ!

ನಿಮ್ಮ 35 ರೂಪಾಯಿಯ ಪ್ಲೇಟಿನ ಕಥೆ ಇದೇ ಇರಬೇಕು. ಕೊಂಡವನು ಸಾವಿರ ಬರೆದಿಟ್ಟಿದ್ದರೂ ಇದ್ದಿರಬಹುದು, ಅವನನ್ನು ತಳ್ಳಲು ಗಟ್ಟಿಯಾದ ಎರಡನೆಯ ಆಸೆಗಾರ ಇರಲಿಲ್ಲ. ಅಂಥ ಎರಡನೆಯವನು ಇಲ್ಲದೆ ಹೋಗುವುದಕ್ಕೆ ಆ ಕಾಲದಲ್ಲಿ ಬಹು ಸಾಮಾನ್ಯ ಕಾರಣ ತಲೆಬರಹ. ಈಬೇಯಲ್ಲಿ ತಲೆಬರಹಕ್ಕೆ ಆಗ 55 ಅಕ್ಷರ ಮಾತ್ರ ಜಾಗ (ಈಗ 80), ಅದೂ ಇಂಗ್ಲಿಷಿನಲ್ಲಿ. ಮನಸೂರ ಎಂದು ಬರೆಯುವಾಗ ‘ಯು’ ಒಂದು ಹಾಕಬೇಕೋ ‘ಓ’ ಎರಡು ಹಾಕಬೇಕೋ? ಹುಡುಕುವವನು ಒಂದು ಕಾಗುಣಿತ ಹೊಡೆದ, ನೀವು ಇನ್ನೊಂದು ಬರೆದಿದ್ದಿರಿ, ಮುಗಿಯಿತು. ಇಂಥ ತಪ್ಪು ಕಾಗುಣಿತಗಳನ್ನೇ ಹುಡುಕಿ, ಎದುರಾಳಿಯಿಲ್ಲದೆ ಅಗ್ಗಕ್ಕೆ ಎತ್ತುವ ಚಾಣಾಕ್ಷರೂ ಇದ್ದರು. ಪ್ಲೇಟಿನ ಲೇಬಲ್ ಮೇಲಿನ ಸಂಖ್ಯೆಯನ್ನು ತಲೆಬರಹದಲ್ಲಿ ಹಾಕಿದ್ದರೆ ಕಾಗುಣಿತ ತಪ್ಪಿದರೂ ಸಂಗ್ರಾಹಕನಿಗೆ ಸಿಕ್ಕಿರುತ್ತಿತ್ತು.

ಕೊನೆಯ ಎರಡು ನಿಮಿಷದ ಮಜಾ ಎಲ್ಲಿಂದ ಬಂತು? ಜಾತ್ರೆಯ ಸವಾಲಿನ ಹಾಗೆ ಈಬೇಯಲ್ಲಿ ಎಣಿಕೆ ಮತ್ತೆ ಶುರುವಾಗುತ್ತಿರಲಿಲ್ಲ. ಗಡಿಯಾರ ಸೊನ್ನೆ ಮುಟ್ಟಿದರೆ ಮುಗಿದಂತೆ. ಹಾಗಾಗಿ ಪಳಗಿದವರು ಏಳು ದಿನ ಸುಮ್ಮನಿದ್ದು ಕೊನೆಯ ಹತ್ತು ಸೆಕೆಂಡಿನಲ್ಲಿ ತಮ್ಮ ಮೊತ್ತ ಒಗೆಯುತ್ತಿದ್ದರು. ಎದುರಾಳಿಗೆ ಯೋಚಿಸಲು ಸಮಯ ಕೊಡಬಾರದು ಎನ್ನುವುದೊಂದು ಕಾರಣ. ‘ಇವನು ಹಾಕಿದ ಅಂದರೆ ಇದರಲ್ಲಿ ಏನೋ ಇದೆ’ ಎಂದು ಬೇರೆಯವರಿಗೆ ಸುಳಿವು ಸಿಗಬಾರದು ಎನ್ನುವುದು ಇನ್ನೊಂದು. ಅಮೆಜಾನ್ ಕೂಡ ಆಗ ಲಿಲಾವು ನಡೆಸುತ್ತಿತ್ತು, ಅಲ್ಲಿ ಕೊನೆಯ ಹತ್ತು ನಿಮಿಷದೊಳಗೆ ಯಾರಾದರೂ ಏರಿಸಿದರೆ ಸಮಯ ಮುಂದಕ್ಕೆ ಹೋಗುತ್ತಿತ್ತು. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಎರಡನ್ನೂ ಹೋಲಿಸಿ ನೋಡಿದರು. ಕೊನೆಗಳಿಗೆಯ ಗುದ್ದಾಟ ಈಬೇಯಲ್ಲೇ ಬಹಳ ಹೆಚ್ಚಿತ್ತು. ಆ ರೋಮಾಂಚನ ಜನರ ಸ್ವಭಾವದಿಂದ ಬಂದದ್ದಲ್ಲ, ನಿಯಮದಿಂದ ಹುಟ್ಟಿದ್ದು.

ಹುಬ್ಬಳ್ಳಿಯ ಡಯಲ್-ಅಪ್‌ನಲ್ಲಿ ಈ ಹತ್ತು ಸೆಕೆಂಡಿನ ಆಟ ಆಡುವುದು ಮಾತ್ರ ಹುಚ್ಚು ಸಾಹಸ. 56 ಕೆ ಮೋಡೆಮ್ಮಿನಲ್ಲಿ ಕೈಗೆ ಸಿಗುತ್ತಿದ್ದದ್ದು ಸೆಕೆಂಡಿಗೆ ನಾಲ್ಕೈದು ಕಿಲೋಬೈಟ್. ನೂರು ಕಿಲೋಬೈಟಿನ ಒಂದು ಫೋಟೋ ಇಳಿಯಲು ಇಪ್ಪತ್ತರಿಂದ ಇಪ್ಪತ್ತೈದು ಸೆಕೆಂಡು. ಪುಟ ತೆರೆದುಕೊಳ್ಳುವಷ್ಟರಲ್ಲಿ ಲಿಲಾವು ಮುಗಿದಿರುತ್ತಿತ್ತು, ಕರೆಂಟು ಹೋದರಂತೂ ಕೇಳುವುದೇ ಬೇಡ. ಗರಿಷ್ಠ ಮೊತ್ತವನ್ನು ಮೊದಲೇ ಬರೆದಿಡುವ ಸೌಲಭ್ಯ ಇದ್ದದ್ದೇ ಇಂಥ ಕಡೆಯವರಿಗೆ. ಆದರೆ ಅದನ್ನು ನಂಬಿ ಬಳಸಿದವರು ಕಡಿಮೆ. ‘ಯಂತ್ರಕ್ಕೆ 850 ಅಂತ ಹೇಳಿಬಿಟ್ಟರೆ 850 ಕಿತ್ತುಕೊಂಡೇ ಬಿಡುತ್ತದೆ’ ಎಂಬ ಭಯ.

ಸರಿ, ಹೋಯಿತು ಯಾಕೆ? ಒಂದೇ ಕಾರಣ ಹೇಳಿ ಎಂದರೆ: ಬೆಲೆ ಗೊತ್ತಾಗಿಹೋಯಿತು. ಲಿಲಾವು ಎಂಬುದು ಬೆಲೆ ಹುಡುಕುವ ಯಂತ್ರ. ನಿಮ್ಮ ಕೈಯಲ್ಲಿರುವ ವಸ್ತುವಿನ ಬೆಲೆ ನಿಮಗೂ ಗೊತ್ತಿಲ್ಲ, ಕೊಳ್ಳುವವನಿಗೂ ಗೊತ್ತಿಲ್ಲ, ಬೇಕಾದವರು ಕೋಲ್ಕತ್ತದಲ್ಲಿ ಒಬ್ಬ, ಇಂದೋರಿನಲ್ಲಿ ಒಬ್ಬ ಎಂದು ಚದುರಿದ್ದಾರೆ, ಆಗ ಅದಕ್ಕೆ ಕೆಲಸವಿದೆ. 2003ರಲ್ಲಿ ಹೆಚ್ಚುಕಡಿಮೆ ಎಲ್ಲ ಹಳೆಯ ವಸ್ತುವಿನ ಸ್ಥಿತಿಯೂ ಅದೇ ಆಗಿತ್ತು. ಹತ್ತು ವರ್ಷ ಲಕ್ಷಾಂತರ ಲಿಲಾವು ನಡೆದ ಮೇಲೆ, ಯಾವುದು ಎಷ್ಟಕ್ಕೆ ಹೋಗುತ್ತದೆ ಎನ್ನುವ ದಾಖಲೆ ಎಲ್ಲರ ಕಣ್ಣೆದುರಿಗೆ ಬಂತು. ರೇಟು ಗೊತ್ತಿರುವ ಮಾಲಿಗೆ ಏಳು ದಿನ ಯಾರು ಕಾಯುತ್ತಾರೆ? ನಿಗದಿ ಬೆಲೆಗೆ ತಕ್ಷಣ ಕೊಳ್ಳುವ ಗುಂಡಿಯನ್ನು ಈಬೇ 2000ದಲ್ಲೇ ಇಟ್ಟಿತ್ತು. ಆಮೇಲೆ ಅದೇ ಮುಖ್ಯ ಬಾಗಿಲಾಯಿತು, ಲಿಲಾವು ಹಿತ್ತಿಲಿಗೆ ಸರಿಯಿತು. ತನ್ನದೇ ಯಶಸ್ಸಿನಿಂದ ಸತ್ತ ಪದ್ಧತಿ ಇದು ಎನ್ನಬಹುದು.

ಉಳಿದ ಕಾರಣಗಳು ಸಣ್ಣವು, ಆದರೆ ಮನೆಯಿಂದ ಮಾರುವವರಿಗೆ ಪೆಟ್ಟು ಕೊಟ್ಟಂಥವು. 2008ರ ಮೇ ತಿಂಗಳಿಂದ ಈಬೇಯಲ್ಲಿ ಮಾರುವವನು ಕೊಳ್ಳುವವನಿಗೆ ಕೆಟ್ಟ ಅಭಿಪ್ರಾಯ ಬರೆಯುವಂತಿಲ್ಲ ಎಂದಾಯಿತು. ಅದಕ್ಕೆ ಮುಂಚೆ ಇಬ್ಬರಿಗೂ ಒಬ್ಬರ ಭಯ ಒಬ್ಬರಿಗೆ ಇತ್ತು. ಗೆದ್ದು ದುಡ್ಡು ಕೊಡದವನ ಬಗ್ಗೆ ನಾಲ್ಕು ಜನಕ್ಕೆ ತಿಳಿಯುತ್ತಿತ್ತು. ಒಳ್ಳೆಯ ಅಭಿಪ್ರಾಯದ ಹತ್ತು ಅಂಕಕ್ಕೆ ಸಿಗುವ ಹಳದಿ ನಕ್ಷತ್ರಕ್ಕಾಗಿ ಜನ ಪಾರ್ಸಲಿನಲ್ಲಿ ಚೀಟಿ ಬರೆದಿಡುತ್ತಿದ್ದ ಕಾಲ ಅದು. (ಆ ಬೆದರಿಕೆಯನ್ನೇ ದುರುಪಯೋಗ ಮಾಡಿಕೊಂಡ ಮಾರಾಟಗಾರರೂ ಕಡಿಮೆ ಇರಲಿಲ್ಲ, ನಿಯಮ ಬದಲಾದದ್ದು ಸುಮ್ಮನೆ ಅಲ್ಲ.) ಇನ್ನು 2017ರ ಜುಲೈ 1ರಿಂದ ಜಿಎಸ್‌ಟಿ. ಇ-ಕಾಮರ್ಸ್ ತಾಣದ ಮೂಲಕ ಸರಕು ಮಾರಬೇಕಾದರೆ ವಹಿವಾಟು ಎಷ್ಟೇ ಸಣ್ಣದಿರಲಿ ನೋಂದಣಿ ಬೇಕೆಂದಾಯಿತು. ರಾಜ್ಯದೊಳಗೇ ಮಾರುವ ಸಣ್ಣ ವ್ಯಾಪಾರಿಗಳಿಗೆ ವಿನಾಯಿತಿ ಸಿಕ್ಕಿದ್ದು 2023ರ ಅಕ್ಟೋಬರ್ 1ರಿಂದ. ಅಷ್ಟರಲ್ಲಿ ಅಟ್ಟ ಖಾಲಿ ಮಾಡುವ ಗೃಹಸ್ಥರು ಓಎಲ್‌ಎಕ್ಸಿಗೂ ವಾಟ್ಸಾಪಿಗೂ ಹೊರಟುಹೋಗಿದ್ದರು.

ಈ ಲೆಕ್ಕದಲ್ಲಿ ನಿಮ್ಮ ಪೆಟ್ಟಿಗೆಯನ್ನು ಎರಡು ಪಾಲು ಮಾಡಿ. 29 ಹಿಂದಿ ಸಿನಿಮಾ ಪ್ಲೇಟುಗಳು ಆ ಕಾಲದಲ್ಲಿ ರಾಶಿ ರಾಶಿಯಾಗಿ ಬಂದಂಥವು. ಅವಕ್ಕೆ ಬೆಲೆ ಗೊತ್ತಿದೆ, ಆ ಬೆಲೆ ಹೆಚ್ಚಿಲ್ಲ. ಒಂದೊಂದನ್ನೇ ಮಾರಿದರೆ ಪ್ಯಾಕಿಂಗಿಗೇ ನಿಮ್ಮ ಆಯುಷ್ಯ ಹೋಗುತ್ತದೆ. ಐದೈದರ ಕಟ್ಟು ಮಾಡಿ ನಿಗದಿ ಬೆಲೆಗೆ ಬಿಡಿ. ಕೇಳುತ್ತಿರುವ ಬೆಲೆ ನೋಡಿ ನಿಮ್ಮ ಬೆಲೆ ಇಡಬೇಡಿ. ಯಾರು ಎಷ್ಟು ಬೇಕಾದರೂ ಕೇಳಬಹುದು. ಈಬೇಯಲ್ಲಿ ‘ಮಾರಾಟವಾದವು’ ಎಂಬ ಸೋಸುವಿಕೆ ಇದೆ, ಪ್ಲೇಟುಗಳಿಗೆಂದೇ ಇರುವ ಡಿಸ್ಕಾಗ್ಸ್ ತಾಣದಲ್ಲಿ ಹಿಂದಿನ ಮಾರಾಟದ ಇತಿಹಾಸ ಕಾಣುತ್ತದೆ. ಅವೆರಡೇ ಪ್ರಮಾಣ.

ಲಿಲಾವಿಗೆ ಯೋಗ್ಯವಾದವು ಉಳಿದ 11. ಅದರಲ್ಲೂ ಆ ಎರಡು ‘ಗಾಂಧಾರಿ’. ಅವು ಬೇರೆ ಯಾರವೂ ಅಲ್ಲ, ಗಂಗೂಬಾಯಿ ಹಾನಗಲ್ಲರವು. 1930ರ ದಶಕದಲ್ಲಿ ಎಚ್‌ಎಂವಿ ಎಂಬ ಪ್ಲೇಟಿನ ಕಂಪನಿ ಅವರ ಮೊದಮೊದಲ ಮುದ್ರಿಕೆಗಳನ್ನು ತಂದದ್ದು ಗಾಂಧಾರಿ ಹಾನಗಲ್ ಎಂಬ ಹೆಸರಿನಲ್ಲಿ. ನಾವೆಲ್ಲ ರೇಡಿಯೋದಲ್ಲಿ ಕೇಳಿದ ಆ ಗಂಡುದನಿ ಗಂಟಲ ತೊಂದರೆಯ ನಂತರ ಬಂದದ್ದು. ಈ ಪ್ಲೇಟುಗಳಲ್ಲಿ ಇರುವುದು ಅದಕ್ಕೂ ಮೊದಲಿನ ತೆಳುವಾದ, ಏರುದನಿ. ಸಂಗ್ರಾಹಕರಿಗೆ ಬೇಕಾದದ್ದು ಅದೇ. ಇಂಥ ಪ್ಲೇಟಿಗೆ ಇಷ್ಟೇ ಬೆಲೆ ಎಂದು ಹೇಳುವವರನ್ನು ನಂಬಬೇಡಿ, ಏಕೆಂದರೆ ಇಬ್ಬರು ಹಟವಾದಿಗಳು ಒಂದೇ ವಾರ ಎದುರುಬದುರಾದರೆ ಒಂದು ಬೆಲೆ, ಇಲ್ಲದಿದ್ದರೆ ಇನ್ನೊಂದು. ಇದು 2003ರ ಸ್ಥಿತಿಯಲ್ಲೇ ಉಳಿದಿರುವ ಮಾಲು. ಗದಗಿನ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿಯೇ ಭೀಮಸೇನ ಜೋಶಿಯವರಿಗೆ ಹಾಡಿನ ಹುಚ್ಚು ಹಿಡಿದದ್ದು ಎನ್ನುತ್ತಾರಲ್ಲ, ಆ ಊರಿನ ಅಟ್ಟಗಳಲ್ಲಿ ಇಂಥವು ಇನ್ನೂ ಇರುವುದರಲ್ಲಿ ಆಶ್ಚರ್ಯವಿಲ್ಲ.

ಮುಟ್ಟುವ ಮುಂಚೆ ಒಂದು ಎಚ್ಚರಿಕೆ. 78ರ ಪ್ಲೇಟು (ನಿಮಿಷಕ್ಕೆ 78 ಸುತ್ತು ತಿರುಗುವಂಥದು) ಅರಗಿನದು, ಎಲ್‌ಪಿಯ ಹಾಗೆ ಪ್ಲಾಸ್ಟಿಕ್ಕಲ್ಲ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಎಲ್‌ಪಿ ಒರೆಸುವ ದ್ರವ, ಸ್ಯಾನಿಟೈಸರ್, ಕೊಲೋನ್ ಯಾವುದನ್ನು ಹಾಕಿದರೂ ಗೆರೆ ಕರಗಿ ಪ್ಲೇಟು ಮಂಕಾಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಅರ್ಧ ಲೀಟರ್ ತಣ್ಣನೆಯ ಡಿಸ್ಟಿಲ್ಡ್ ವಾಟರಿಗೆ (ಬ್ಯಾಟರಿಗೆ ಹಾಕುವ ನೀರು ನಡೆಯುತ್ತದೆ) ಪಾತ್ರೆ ತೊಳೆಯುವ ದ್ರವ ಎರಡು ಹನಿ. ಅದರಲ್ಲಿ ಮೆತ್ತನೆಯ ಹತ್ತಿ ಬಟ್ಟೆ ಅದ್ದಿ ಹಿಂಡಿ, ಗೆರೆಗಳ ಗುಂಟ ಸುತ್ತಲೂ ಒರೆಸಿ, ಅಡ್ಡ ಒರೆಸಬೇಡಿ. ಲೇಬಲ್ಲಿಗೆ ನೀರು ತಾಕಬಾರದು. ಬರೀ ನೀರಿನ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ನೆರಳಲ್ಲಿ ನಿಲ್ಲಿಸಿ ಒಣಗಿಸಿ. ನಮ್ಮ ಏಪ್ರಿಲ್ ಬಿಸಿಲಿಗೆ ಕಿಟಕಿಯ ಬಳಿ ಮಲಗಿಸಿಟ್ಟರೆ ಸಂಜೆಗೆ ಹಪ್ಪಳದ ಹಾಗೆ ಡೊಂಕಾಗಿರುತ್ತದೆ.

ಒಣಗಿದ ಮೇಲೆ ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದು ನೋಡಿ. ಹೊಳಪು ಉಳಿದಿದ್ದರೆ ಒಳ್ಳೆಯದು, ಬೂದು ಬಣ್ಣ ತಿರುಗಿದ್ದರೆ ಹಳೆಯ ಸೂಜಿ ಗೆರೆಗಳನ್ನು ತಿಂದಿದೆ. ಕೂದಲೆಳೆಯ ಬಿರುಕು ಕಣ್ಣಿಗೆ ಕಾಣದಿದ್ದರೂ ಕಿವಿಗೆ ಸಿಗುತ್ತದೆ. ನುಡಿಸಿದಾಗ ಒಂದೇ ಲಯದಲ್ಲಿ ‘ಟಕ್ ಟಕ್’ ಎಂದರೆ, ಅದು ನಿಮಿಷಕ್ಕೆ 78 ಸಲ, ಅಂದರೆ ಸೆಕೆಂಡಿಗೆ ಒಂದಕ್ಕಿಂತ ಸ್ವಲ್ಪ ಹೆಚ್ಚು ಬಂದರೆ, ಅದು ಬಿರುಕು ಇಲ್ಲವೇ ಗೀರು, ಧೂಳಲ್ಲ. ಧೂಳಿಗೆ ಲಯ ಇರುವುದಿಲ್ಲ. ನುಡಿಸಲು ಮಾತ್ರ 78ಕ್ಕೆಂದೇ ಇರುವ ಸೂಜಿ ಬೇಕು. ಎಲ್‌ಪಿಯ ಸಣ್ಣ ಸೂಜಿ ಗೆರೆಯ ತಳದಲ್ಲಿ ಓಡಾಡಿ ಬರೀ ಗರಗರ ಕೇಳಿಸುತ್ತದೆ, ಒಳ್ಳೆಯ ಪ್ಲೇಟೂ ಕೆಟ್ಟಂತೆ ಅನಿಸುತ್ತದೆ.

ಪ್ರತಿ ಪ್ಲೇಟಿಗೆ ಐದು ಫೋಟೋ: ಎರಡು ಬದಿಯ ಲೇಬಲ್ ನೇರವಾಗಿ, ಎರಡು ಬದಿಯ ಗೆರೆ ಓರೆ ಬೆಳಕಿನಲ್ಲಿ, ಒಂದು ಅಂಚಿನದು. ಲೇಬಲ್ಲಿಗೂ ಗೆರೆಗೂ ನಡುವಿನ ಖಾಲಿ ಜಾಗದಲ್ಲಿ ಕೊರೆದಂತೆ ಒಂದು ಸಂಖ್ಯೆ ಇರುತ್ತದೆ, ಅದನ್ನೂ ಓದಿ ಬರೆಯಿರಿ. ಒಂದೇ ಹಾಡು ಬೇರೆ ಬೇರೆ ಸಲ ಅಚ್ಚಾಗಿದ್ದರೆ ಗುರುತು ಹಿಡಿಯಲು ಅದು ನೆರವಾಗುತ್ತದೆ. ಗೀರು, ಅಂಚಿನ ಚೂರು, ಲೇಬಲ್ ಮೇಲೆ ಅಜ್ಜ ಬರೆದ ಹೆಸರು, ಎಲ್ಲ ಹೇಳಿಬಿಡಿ. ಮುಚ್ಚಿಟ್ಟ ಒಂದು ಗೀರಿನಿಂದ ಬೀಳುವ ಜಗಳದಲ್ಲಿ ಆ ಪ್ಲೇಟಿನ ಲಾಭಕ್ಕಿಂತ ಹೆಚ್ಚು ಹೋಗುತ್ತದೆ.

ಪ್ಯಾಕಿಂಗಿನಲ್ಲೇ ಮುಕ್ಕಾಲು ಜನ ಸೋಲುವುದು. ಹತ್ತು ಇಂಚಿನ ಪ್ಲೇಟು ಸುಮಾರು 200 ಗ್ರಾಂ ತೂಗುತ್ತದೆ, ಗಾಜಿನಷ್ಟೇ ನಾಜೂಕು. ಅದನ್ನು ಒಡೆಯುವುದು ಎತ್ತರದಿಂದ ಬೀಳುವುದಕ್ಕಿಂತ ಹೆಚ್ಚಾಗಿ ಬಾಗುವುದು. ಮೂಲೆಯೊಂದರ ಮೇಲೆ ಭಾರ ಬಿದ್ದರೆ ಸಾಕು. 28 ಸೆಂ.ಮೀ. ಚೌಕದ ದಪ್ಪ ರಟ್ಟು ನಾಲ್ಕು ಕತ್ತರಿಸಿಕೊಳ್ಳಿ, ಕೆಳಗೆ ಎರಡು, ಮೇಲೆ ಎರಡು. ಎರಡು ರಟ್ಟಿನ ಒಳಗಿನ ಏಣುಗಳು ಒಂದಕ್ಕೊಂದು ಅಡ್ಡ ಬರುವಂತೆ ಇಡಿ, ಆಗ ಯಾವ ದಿಕ್ಕಿಗೂ ಬಾಗುವುದಿಲ್ಲ. ಪ್ಲೇಟುಗಳ ನಡುವೆ ತೆಳು ರಟ್ಟು ಅಥವಾ ಫೋಮ್ ಹಾಳೆ. ಒಂದು ಕಟ್ಟಿಗೆ ಐದಕ್ಕಿಂತ ಹೆಚ್ಚು ಬೇಡ. ಸುತ್ತ ಟೇಪು ಹಾಕಿ, ಆದರೆ ಬಿಗಿದು ಹಿಂಡಬೇಡಿ. ಈ ಕಟ್ಟು ಹೊರ ಡಬ್ಬಿಯ ಯಾವ ಗೋಡೆಗೂ ತಾಗಬಾರದು, ಆರೂ ಕಡೆ ಕನಿಷ್ಠ 4 ಸೆಂ.ಮೀ. ಮೆತ್ತೆ. ಪೇಪರ್ ಉಂಡೆ ಹಾಕುವುದಾದರೆ ಒತ್ತಿ ತುಂಬಿ, ಸಡಿಲ ಉಂಡೆ ನೂರು ಕಿಲೋಮೀಟರಿನೊಳಗೆ ಕುಗ್ಗಿಹೋಗುತ್ತದೆ. ಡಬ್ಬಿ ಮುಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ. ಸದ್ದು ಬಂದರೆ ಬಿಚ್ಚಿ ಮತ್ತೆ ತುಂಬಿ. ಹಣ್ಣಿನಂಗಡಿಯ ಸೇಬಿನ ಡಬ್ಬಿಯ ರಟ್ಟು ಈ ಕೆಲಸಕ್ಕೆ ಹೊಸ ಡಬ್ಬಿಗಿಂತ ಗಟ್ಟಿ. ‘ನಾಜೂಕು ವಸ್ತು’ ಎಂಬ ಸ್ಟಿಕ್ಕರನ್ನು ನಂಬಿ ಮೆತ್ತೆ ಕಡಿಮೆ ಮಾಡಬೇಡಿ.

ಇಷ್ಟಾದ ಮೇಲೆ ಡಬ್ಬಿ 36×36×14 ಸೆಂ.ಮೀ. ಆಗುತ್ತದೆ. ತೂಕ ಎರಡು ಕಿಲೋ ಒಳಗೇ ಇರಬಹುದು, ಆದರೆ ಹೆಚ್ಚಿನ ಕೊರಿಯರ್‌ನವರು ಗಾತ್ರದ ತೂಕ ಹಿಡಿಯುತ್ತಾರೆ: ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸುವುದು. ನಿಮ್ಮ ಡಬ್ಬಿಗೆ ಅದು 3.6 ಕಿಲೋ. ಖರ್ಚು ಇದರ ಮೇಲೆ ಕೇಳಿಕೊಂಡು, ಲಿಲಾವಿಗೆ ಮುಂಚೆಯೇ ಸಾಗಣೆ ವೆಚ್ಚ ಇಷ್ಟು ಎಂದು ಬರೆಯಿರಿ. ಗೆದ್ದ ಮೇಲೆ ಹೇಳಿದರೆ ಅರ್ಧ ಜನ ಹಿಂದೆ ಸರಿಯುತ್ತಾರೆ.

ಲಿಲಾವು ಎಲ್ಲಿ? ಹೊರದೇಶಕ್ಕೆ ಮಾರಬೇಕಾದರೆ ಈಬೇಯ ಅಂತರರಾಷ್ಟ್ರೀಯ ತಾಣ ಇದೆ, ಆದರೆ ಆಮದು-ರಫ್ತು ಸಂಕೇತ ಸಂಖ್ಯೆ, ಕಸ್ಟಮ್ಸ್ ಕಾಗದ ಎಂದು 11 ಪ್ಲೇಟಿಗೆ ಅಷ್ಟೆಲ್ಲ ಓಡಾಟ ದಂಡ. ದೇಶದೊಳಗೆ ಈಗ ಜೀವಂತ ಲಿಲಾವು ನಡೆಯುತ್ತಿರುವುದು ಸಂಗ್ರಾಹಕರ ವಾಟ್ಸಾಪ್ ಮತ್ತು ಫೇಸ್‌ಬುಕ್ ಗುಂಪುಗಳಲ್ಲಿ. ಅಲ್ಲಿ ನಡುವೆ ನಿಂತು ದುಡ್ಡು ಹಿಡಿಯುವವರು ಯಾರೂ ಇಲ್ಲ, ಅಂದರೆ ನೀವು ಮತ್ತೆ ಡಿಡಿ ಕಾಲಕ್ಕೆ ಹೋದಂತೆ. ಅದಕ್ಕೇ ನಿಯಮವನ್ನು ಮೊದಲ ಸಂದೇಶದಲ್ಲೇ ಬರೆದುಬಿಡಬೇಕು. ಆರಂಭ ಬೆಲೆ, ಏರಿಕೆಯ ಮೆಟ್ಟಿಲು (50 ರೂಪಾಯಿ ಸಾಕು), ಮುಕ್ತಾಯ ಭಾನುವಾರ ರಾತ್ರಿ 9. ಕೊನೆಯ ಐದು ನಿಮಿಷದಲ್ಲಿ ಯಾರಾದರೂ ಏರಿಸಿದರೆ ಇನ್ನೈದು ನಿಮಿಷ. ಖಾಸಗಿಯಾಗಿ ಕಳಿಸಿದ ಬೆಲೆ ಲೆಕ್ಕಕ್ಕಿಲ್ಲ. ತಿದ್ದಿದ ಸಂದೇಶವೂ ಲೆಕ್ಕಕ್ಕಿಲ್ಲ, ಏಕೆಂದರೆ ವಾಟ್ಸಾಪಿನಲ್ಲಿ ಕಳಿಸಿದ ಮೇಲೂ 15 ನಿಮಿಷದವರೆಗೆ ತಿದ್ದಬಹುದು, 500 ಎಂದದ್ದು 300 ಆಗಿ ಕೂತಿರುತ್ತದೆ. ಪ್ರತಿ ಬೆಲೆ ಬಂದಾಗ ಸ್ಕ್ರೀನ್‌ಶಾಟ್ ತೆಗೆದಿಡಿ.

ಸಮಯ ಮುಂದಕ್ಕೆ ಹೋಗುವ ನಿಯಮ ಇಟ್ಟರೆ ನಿಮಗಿಷ್ಟವಾದ ಕೊನೆಗಳಿಗೆಯ ರೋಮಾಂಚನ ಸ್ವಲ್ಪ ಕಡಿಮೆಯಾಗುತ್ತದೆ ನಿಜ. ಆದರೆ ಮಾರುವವನಿಗೆ ಜಾತ್ರೆಯ ಸವಾಲೇ ಲಾಭ, ಗಡಿಯಾರದ ಲಿಲಾವು ಕೊಳ್ಳುವ ಚಾಣಾಕ್ಷನಿಗೆ ಲಾಭ. ಒಂದು ರೂಪಾಯಿಯ ಆರಂಭವನ್ನೂ ಬಿಡಿ. ಸಾವಿರಾರು ಜನ ಓಡಾಡುವ ತಾಣದಲ್ಲಿ ಅದು ಗಿರಾಕಿ ಎಳೆಯುವ ಗಾಳ, ಇನ್ನೂರು ಜನರ ಗುಂಪಿನಲ್ಲಿ ಅದು 35 ರೂಪಾಯಿಯ ಇನ್ನೊಂದು ಪ್ಲೇಟು. ಇದಕ್ಕಿಂತ ಕಡಿಮೆಗೆ ಕೊಡುವ ಬದಲು ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಎನ್ನುವ ಮೊತ್ತ ಯಾವುದೋ ಅದನ್ನೇ ಆರಂಭ ಬೆಲೆ ಮಾಡಿ. ಎರಡು ಗಾಂಧಾರಿ ಪ್ಲೇಟನ್ನು ಒಂದೇ ವಾರ ಹಾಕಬೇಡಿ. ಮೊದಲನೆಯದರಲ್ಲಿ ಸೋತವನೇ ಎರಡನೆಯದಕ್ಕೆ ನಿಜವಾದ ಗಿರಾಕಿ. ಪರಿಚಯದವರಿಂದ ಸುಳ್ಳು ಬೆಲೆ ಹಾಕಿಸುವ ಆಸೆ ಬರುತ್ತದೆ. ಸಣ್ಣ ಗುಂಪಿನಲ್ಲಿ ಅದು ಎರಡನೇ ಸಲಕ್ಕೇ ಗೊತ್ತಾಗುತ್ತದೆ.

ದುಡ್ಡು ಯುಪಿಐನಲ್ಲಿ, 24 ಗಂಟೆಯೊಳಗೆ, ಮಾಲು ಅದಾದ ಎರಡು ದಿನದೊಳಗೆ. ‘ಕ್ಯೂಆರ್ ಕಳಿಸಿದ್ದೇನೆ, ಸ್ಕ್ಯಾನ್ ಮಾಡಿ ಪಿನ್ ಹೊಡೆಯಿರಿ, ದುಡ್ಡು ಬರುತ್ತದೆ’ ಎಂದವನನ್ನು ಅಲ್ಲೇ ಬಿಡಿ, ದುಡ್ಡು ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು. ಪ್ಯಾಕ್ ಮಾಡುವಾಗ ಮತ್ತು ತೂಗುವಾಗ ಒಂದೇ ಓಟದ ವೀಡಿಯೋ ಮಾಡಿ, ಕೊಂಡವರಿಗೂ ಬಿಚ್ಚುವಾಗ ವೀಡಿಯೋ ಮಾಡಲು ಹೇಳಿ.

ವಾಚುಗಳಿಗೆ ಲಿಲಾವು ಬೇಡ. ಎಚ್‌ಎಂಟಿ ವಾಚಿನ ಕಂಪನಿ 2016ರಲ್ಲಿ ಮುಚ್ಚಿದ ಮೇಲೆ ಜನತಾಕ್ಕೆ ಬೇಡಿಕೆ ಎದ್ದಿತು, ಅದರ ಹಿಂದೆಯೇ ಹೊಸ ಬಣ್ಣ ಬಳಿದ ಡಯಲಿನ ಜೋಡಣೆ ವಾಚುಗಳೂ ಬಂದವು. ಹಾಗಾಗಿ ಕೊಳ್ಳುವವರು ಕೇಳುವುದು ಒಂದೇ: ಮೂಲ ಡಯಲ್ ಹೌದೋ ಅಲ್ಲವೋ. ವಾಚ್ ರಿಪೇರಿಯವರಿಂದ ಹಿಂಬದಿ ತೆಗೆಸಿ, ಒಳಗಿನ 17 ಜುವೆಲ್ಲಿನ 0231 ಯಂತ್ರದ ಫೋಟೋ ತೆಗೆದು ಹಾಕಿ. ಡಯಲ್ಲಿಗೆ ಹೊಳಪು ಕೊಡಿಸಬೇಡಿ, ಗಾಜನ್ನೂ ಬದಲಿಸಬೇಡಿ. ಮಾಸಿದ ಮೂಲ ಡಯಲೇ ಮಿರುಗುವ ಹೊಸದಕ್ಕಿಂತ ಮೇಲು.

ನಾಣ್ಯದ ಡಬ್ಬಿಯನ್ನು ಸದ್ಯಕ್ಕೆ ಹಾಗೇ ಇಡಿ. ಹುಣಸೆಹಣ್ಣು ಹಚ್ಚಿ ತಿಕ್ಕುವ ಉಮೇದು ಮನೆಯಲ್ಲಿ ಯಾರಿಗಾದರೂ ಬಂದೇ ಬರುತ್ತದೆ, ತಿಕ್ಕಲು ಬಿಡಬೇಡಿ. ಆ ಕಪ್ಪು ಪೊರೆ ಹೋದರೆ ಸಂಗ್ರಾಹಕರ ಲೆಕ್ಕದಲ್ಲಿ ಅರ್ಧ ಬೆಲೆಯೂ ಹೋಯಿತು. ಮೊದಲು ಇಸವಿ ಓದಿ ಎರಡು ಗುಡ್ಡೆ ಮಾಡಿ. ನೂರು ವರ್ಷ ದಾಟಿದವು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅವನ್ನು ದೇಶದ ಹೊರಗೆ ಕಳಿಸುವಂತಿಲ್ಲ, ವ್ಯಾಪಾರವಾಗಿ ಮಾರಲು ಪರವಾನಗಿ ಬೇಕು. ಆ ಗುಡ್ಡೆಯನ್ನು ಪರವಾನಗಿ ಇರುವ ನಾಣ್ಯ ಲಿಲಾವಿನವರಿಗೇ ತೋರಿಸಿ. ಉಳಿದದ್ದರಲ್ಲಿ ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟೋ ಮತ್ತೊಂದೋ ಸಿಕ್ಕಿ, ಅದಕ್ಕೆ ಲಕ್ಷ ಕೊಡುತ್ತೇವೆ, ರಿಸರ್ವ್ ಬ್ಯಾಂಕಿನ ಶುಲ್ಕ ಮೊದಲು ಕಟ್ಟಿ ಎಂದು ಫೋನು ಬಂದರೆ ಇಟ್ಟುಬಿಡಿ. ಹಳೆಯ ನೋಟು ನಾಣ್ಯದ ವ್ಯವಹಾರದಲ್ಲಿ ತಾನು ಯಾವ ಶುಲ್ಕವನ್ನೂ ಕಮಿಷನ್ನನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಪ್ರಕಟಣೆ ಕೊಟ್ಟಿದೆ.